ಮೆಲ್ಲಗೆ ಹೇಳಿದ ನೋವು ಯಾರಿಗೂ ಕೇಳಿಸದಿದ್ದಾಗ: ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷದ ಒಂದು ಪ್ರಕರಣ ಅಧ್ಯಯನ

ಇದು ಒಬ್ಬ ಯುವಕನ ಚಿಕಿತ್ಸೆಯ ಸುಮಾರು ಎರಡೂವರೆ ವರ್ಷಗಳ ವಿವರ. ಆತನ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಉದ್ಯೋಗ, ಕುಟುಂಬದ ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ. ಚಿಕಿತ್ಸೆಯ ತಿರುವುಗಳನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ. ಇದನ್ನು ಬರೆಯಲು ಮುಖ್ಯ ಕಾರಣ, ಮೊದಲ ಐದು ತಿಂಗಳು ನಾನು ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಒಂದು ತಪ್ಪು. ವ್ಯಕ್ತಿತ್ವ ದೋಷ ಹೇಗೆ ಬೆಳೆಯುತ್ತದೆ ಎಂಬುದನ್ನು ನಾನು ಓದಿದ್ದೆ, ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡಿದ್ದೆ; ಆದರೆ ಅದು ನನ್ನದೇ ಚಿಕಿತ್ಸಾ ಕೊಠಡಿಯೊಳಗೆ, ನನ್ನದೇ ಕೈಯಿಂದ ನೀರು ಕುಡಿದು ಬೆಳೆಯುತ್ತಿದ್ದುದು ತಡವಾಗಿ ಕಂಡಿತು.

ಹಿನ್ನೆಲೆ

ನನ್ನ ಬಳಿ ಬಂದಾಗ ಆತನಿಗೆ 27 ವರ್ಷ. ಪುಸ್ತಕಗಳ ಪುಟವಿನ್ಯಾಸ ಮಾಡುವ ಕೆಲಸ. ಕೈ ಚುರುಕು, ಕಣ್ಣು ಸೂಕ್ಷ್ಮ. ಒಂದು ಸಾಲು ಕೂದಲೆಳೆಯಷ್ಟು ಜಾರಿದ್ದರೂ ಆತನಿಗೆ ಕಾಣುತ್ತಿತ್ತು. ಆದರೂ ಐದು ವರ್ಷಗಳಲ್ಲಿ ನಾಲ್ಕು ಕಡೆ ಕೆಲಸ ಬಿಟ್ಟಿದ್ದ, ಮತ್ತು ನಾಲ್ಕೂ ಕಡೆಯ ಕಥೆ ಒಂದೇ ತೆರನಾಗಿತ್ತು. ಸೇರಿದಾಗ ಮೇಲಧಿಕಾರಿಯಷ್ಟು ಒಳ್ಳೆಯವರು ಬೇರೆ ಯಾರೂ ಇಲ್ಲ ಅನ್ನಿಸುತ್ತಿತ್ತು. ಅವರಿಗಾಗಿ ರಾತ್ರಿಯಿಡೀ ಕೂತು ಕೆಲಸ ಮುಗಿಸಿಕೊಡುತ್ತಿದ್ದ. ಕೆಲವು ತಿಂಗಳಾದ ಮೇಲೆ ಒಂದು ದಿನ ಅವರು ಉತ್ತರಿಸದೆ ಬಿಟ್ಟ ಒಂದು ಇಮೇಲ್, ಅಥವಾ ಬೇರೆಯವರೆದುರು ಆಡಿದ ಒಂದು ಮಾತು. ಅಲ್ಲಿಂದ ಮುಂದೆ ಅದೇ ಮನುಷ್ಯ ಮೋಸಗಾರ, ಕಲ್ಲೆದೆಯವರು. ಕೆಲಸ ಬಿಟ್ಟ ಎರಡು ದಿನಕ್ಕೆ ತನ್ನ ಮೇಲೆಯೇ ತಡೆಯಲಾಗದ ಹೇಸಿಗೆ. ಪ್ರೀತಿಯ ಸಂಬಂಧಗಳೂ ಇದೇ ದಾರಿಯಲ್ಲಿ ನಡೆದು ಮುರಿದಿದ್ದವು.

ಕೈಯಲ್ಲಿ ದಪ್ಪ ಕಡತವಿತ್ತು. ಆರು ವರ್ಷಗಳಲ್ಲಿ ಮೂರು ರೋಗನಿರ್ಣಯಗಳು: ಮೊದಲು ಖಿನ್ನತೆ, ಆಮೇಲೆ ಬೈಪೋಲಾರ್ (ಉನ್ಮಾದವೂ ಖಿನ್ನತೆಯೂ ಸರದಿಯಲ್ಲಿ ಬರುವ ಕಾಯಿಲೆ), ಕೊನೆಗೆ ಕೋಪ ನಿಯಂತ್ರಣದ ಸಮಸ್ಯೆ. ಹಿಂದಿನ ವೈದ್ಯರನ್ನು ದೂರುವುದು ಸುಲಭ, ಆದರೆ ಅದು ನ್ಯಾಯವಲ್ಲ. ಅತ್ತುಕೊಂಡು ಬಂದ ದಿನ ನೋಡಿದವರಿಗೆ ಖಿನ್ನತೆ ಕಂಡಿತು, ಹೊಸ ಕೆಲಸದ ಉತ್ಸಾಹದಲ್ಲಿ ನಿದ್ದೆಗೆಟ್ಟು ಬಂದ ದಿನ ನೋಡಿದವರಿಗೆ ಉನ್ಮಾದದ ಛಾಯೆ ಕಂಡಿತು, ಬಾಗಿಲ ಗಾಜು ಒಡೆದು ಬಂದ ದಿನ ನೋಡಿದವರಿಗೆ ಕೋಪ ಕಂಡಿತು. ಒಂದೊಂದು ದಿನವೂ ನಿಜವೇ ಆಗಿತ್ತು. ಆ ದಿನಗಳನ್ನೆಲ್ಲ ಪೋಣಿಸಿರುವ ದಾರವನ್ನು ನೋಡುವಷ್ಟು ಕಾಲ ಆತ ಯಾರ ಬಳಿಯೂ ಉಳಿದಿರಲಿಲ್ಲ. ವ್ಯಕ್ತಿತ್ವ ದೋಷವೆಂದರೆ ಒಂದು ಘಟನೆಯಲ್ಲ. ತನ್ನನ್ನು ತಾನು ಕಾಣುವ ಮತ್ತು ಇನ್ನೊಬ್ಬರೊಡನೆ ಬೆರೆಯುವ ರೀತಿಯಲ್ಲೇ ಹಾಸುಹೊಕ್ಕಾಗಿರುವ, ಹದಿಹರೆಯದಲ್ಲೋ ಯೌವನದ ಆರಂಭದಲ್ಲೋ ಕಾಣಿಸಿಕೊಂಡು ವರ್ಷಗಳ ಕಾಲ ಉಳಿಯುವ ಒಂದು ವಿನ್ಯಾಸ. ಒಂದು ಭೇಟಿಯಲ್ಲಿ ಅದು ಸಿಗುವುದು ಅಪರೂಪ.

ಬೈಪೋಲಾರ್ ಅಲ್ಲ ಎಂದು ನನಗೆ ಅನ್ನಿಸಿದ್ದು ಕಾಲದ ಲೆಕ್ಕದಿಂದ. ಬೈಪೋಲಾರ್‌ನಲ್ಲಿ ಮನಸ್ಥಿತಿಯ ಏರಿಳಿತ ದಿನಗಟ್ಟಲೆ, ವಾರಗಟ್ಟಲೆ ನಿಲ್ಲುತ್ತದೆ. ಅಮೆರಿಕದ ಮನೋವೈದ್ಯಕೀಯ ಸಂಘದ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂ-5 ಪ್ರಕಾರ ಸೌಮ್ಯ ಉನ್ಮಾದಕ್ಕೂ ಕನಿಷ್ಠ 4 ದಿನ ಬೇಕು, ಪೂರ್ಣ ಉನ್ಮಾದಕ್ಕೆ ಒಂದು ವಾರ. ಈತನ ಮನಸ್ಸು ಬೆಳಿಗ್ಗೆಯಿಂದ ಸಂಜೆಯೊಳಗೆ ಮೂರು ಸಲ ಮಗುಚಿ ಬೀಳುತ್ತಿತ್ತು, ಮತ್ತು ಪ್ರತಿ ಸಲವೂ ಅದರ ಹಿಂದೆ ಒಬ್ಬ ಮನುಷ್ಯನಿದ್ದ: ಫೋನ್ ಎತ್ತದವರು, ಮುಖ ತಿರುಗಿಸಿದವರು, ಬೇಗ ಎದ್ದು ಹೋದವರು. ಆತ ಗಂಡಸಾಗಿದ್ದುದೂ ನಿರ್ಣಯ ತಡವಾಗಲು ಕಾರಣವಾಗಿರಬೇಕು ಎಂಬುದು ನನ್ನ ಅಭಿಪ್ರಾಯ. ಚಿಕಿತ್ಸಾಲಯಗಳಲ್ಲಿ ಬಾರ್ಡರ್‌ಲೈನ್ ಎಂಬ ಹೆಸರು ಪಡೆಯುವವರಲ್ಲಿ ಹೆಂಗಸರೇ ಹೆಚ್ಚು. ಜನಸಮುದಾಯದಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ಗಂಡು ಹೆಣ್ಣಿನ ಅಂತರ ಅಷ್ಟಿಲ್ಲ. ಹೆಣ್ಣಿನಲ್ಲಿ ನೋವೆಂದು ಕಾಣುವುದು ಗಂಡಿನಲ್ಲಿ ಬರೀ ಕೋಪವೆಂದು ದಾಖಲಾಗಿಬಿಡುವುದನ್ನು ನಾನು ಹಲವು ಸಲ ನೋಡಿದ್ದೇನೆ.

ಆತನ ತಾಯಿ ಎರಡು ಸಲ ಬಂದು ಮಾತಾಡಿದರು. ಹಸುಗೂಸಾಗಿದ್ದಾಗಲೇ ಆತ ಬಾಗಿಲ ಸದ್ದಿಗೆ ಬೆಚ್ಚಿಬೀಳುತ್ತಿದ್ದ, ಒಮ್ಮೆ ಅಳಲು ಶುರು ಮಾಡಿದರೆ ಸಮಾಧಾನವಾಗಲು ಗಂಟೆ ಹಿಡಿಯುತ್ತಿತ್ತು ಎಂದರು. ಮೂರು ವರ್ಷ ದೊಡ್ಡವಳಾದ ಅಕ್ಕ ಹಾಗಿರಲಿಲ್ಲ, ಎತ್ತಿಕೊಂಡರೆ ಸುಮ್ಮನಾಗುತ್ತಿದ್ದಳು. “ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ ಮೇಡಂ, ಇವನದ್ದು ಹಾಗೇ” ಎಂದು ಕಣ್ಣೊರೆಸಿಕೊಂಡರು. ಆ ಗಾದೆಯಲ್ಲಿ ಅರ್ಧ ಸತ್ಯವಿದೆ. ಮನೋವೈದ್ಯರಾದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ದೀರ್ಘ ಅಧ್ಯಯನ, ಮಕ್ಕಳು ಬೇರೆಬೇರೆ ಮನೋಧರ್ಮ ಹೊತ್ತೇ ಬರುತ್ತಾರೆ ಎಂಬುದನ್ನು ವಿವರವಾಗಿ ದಾಖಲಿಸಿತು. ಅವಳಿಗಳ ಅಧ್ಯಯನಗಳು ಬಾರ್ಡರ್‌ಲೈನ್ ಲಕ್ಷಣಗಳ ವ್ಯತ್ಯಾಸದಲ್ಲಿ ಸುಮಾರು ಶೇ. 40ರಿಂದ 50ರಷ್ಟು ಪಾಲನ್ನು ಆನುವಂಶಿಕತೆಗೆ ಕೊಡುತ್ತವೆ. ಆದರೆ ಥಾಮಸ್ ಮತ್ತು ಚೆಸ್ ಒತ್ತಿ ಹೇಳಿದ್ದು ಬರೀ ಮನೋಧರ್ಮವನ್ನಲ್ಲ, ಆ ಮನೋಧರ್ಮಕ್ಕೂ ಸುತ್ತಲಿನವರ ನಿರೀಕ್ಷೆಗೂ ಇರುವ ಹೊಂದಿಕೆಯನ್ನು. ಅಕ್ಕನಿಗೆ ಸಾಕಾದ ಮನೆ ತಮ್ಮನಿಗೆ ಸಾಲದೆ ಹೋಗಬಹುದು. ಅದಕ್ಕಾಗಿ ಮನೆಯನ್ನು ಕ್ರೂರವೆಂದು ಕರೆಯಬೇಕಾಗಿಲ್ಲ.

ಆ ಮನೆ ಕ್ರೂರವಾಗಿರಲೂ ಇಲ್ಲ. ತಂದೆ ಕೆಲಸದ ನಿಮಿತ್ತ ತಿಂಗಳುಗಟ್ಟಲೆ ಹೊರಗಿರುತ್ತಿದ್ದರು. ತಾಯಿ ಮೂರನೆಯ ಮಗುವನ್ನು ಹೆರಿಗೆಯಲ್ಲಿ ಕಳೆದುಕೊಂಡು, ಯಾರಿಗೂ ಹೇಳಿಕೊಳ್ಳದೆ, ವರ್ಷಗಳ ಕಾಲ ಮಂಕಾಗಿ ದಿನ ನೂಕಿದ್ದರು. ಮನೆಯಲ್ಲಿ ಹೆಚ್ಚು ಕೇಳಿಬರುತ್ತಿದ್ದ ಮಾತು “ಏನೂ ಆಗಿಲ್ಲ, ಸುಮ್ಮನಿರು.” ಅದನ್ನು ಅವರು ಗದರಿಸಿ ಹೇಳುತ್ತಿರಲಿಲ್ಲ, ದಣಿದು ಹೇಳುತ್ತಿದ್ದರು.

ಒಂದು ಘಟನೆಯನ್ನು ಆತ ನಗುತ್ತಾ ಹೇಳಿದ. ಏಳು ವರ್ಷದವನಿದ್ದಾಗ ಕಿವಿನೋವು ಬಂದಿತ್ತು. ಮೊದಲ ದಿನ ಅಮ್ಮನಿಗೆ ಹೇಳಿದ. “ಏನೂ ಆಗಿಲ್ಲ, ಮಲಗು” ಎಂದರು. ಎರಡನೆಯ ದಿನ ಇನ್ನೊಮ್ಮೆ ಹೇಳಿದ, ಅದೇ ಉತ್ತರ. ಮೂರನೆಯ ರಾತ್ರಿ ಎದ್ದು ಕೂತು ಕಿರುಚಿ, ಕೈಗೆ ಸಿಕ್ಕ ಚೆಂಬನ್ನು ಕಿಟಕಿಗೆ ಎಸೆದ. ಗಾಜು ಚೂರಾಯಿತು, ಮನೆಯವರೆಲ್ಲ ಎದ್ದರು, ಅಮ್ಮ ಎತ್ತಿಕೊಂಡು ವೈದ್ಯರ ಬಳಿಗೆ ಓಡಿದರು. ಕಿವಿ ತಮಟೆಯ ಹಿಂದೆ ಕೀವು ತುಂಬಿತ್ತು. ಅಂದು ರಾತ್ರಿಯಿಡೀ ಅಮ್ಮ ಪಕ್ಕದಲ್ಲಿ ಕೂತು ತಲೆ ನೇವರಿಸಿದರು. “ಅದೊಂದು ರಾತ್ರಿ ಚೆನ್ನಾಗಿ ನೆನಪಿದೆ ಮೇಡಂ, ಅಷ್ಟು ಹೊತ್ತು ಅಮ್ಮ ನನ್ನ ಪಕ್ಕ ಕೂತದ್ದು ಅದೇ ಮೊದಲು” ಎಂದ. ನಾನದನ್ನು ಬರೆದುಕೊಂಡೆ. ಆ ಪುಟಕ್ಕೆ ಮತ್ತೆ ಮರಳಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಸಮಸ್ಯೆ ಮತ್ತು ನಿರ್ಣಯ

ಆರನೆಯ ಭೇಟಿಯ ಹೊತ್ತಿಗೆ ಚಿತ್ರ ಸ್ಪಷ್ಟವಾಗಿತ್ತು. ಡಿಎಸ್‌ಎಂ-5 ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷಕ್ಕೆ ಒಂಬತ್ತು ಮಾನದಂಡಗಳನ್ನು ಕೊಟ್ಟು, ಅವುಗಳಲ್ಲಿ ಐದಾದರೂ ಇರಬೇಕೆನ್ನುತ್ತದೆ; ಆತನಲ್ಲಿ ಏಳಿದ್ದವು. ಕೈಬಿಟ್ಟು ಹೋಗುತ್ತಾರೆಂಬ ತೀವ್ರ ಭಯ, ಒಬ್ಬರನ್ನೇ ಮುಗಿಲಿಗೇರಿಸಿ ಮತ್ತೆ ನೆಲಕ್ಕೆಸೆಯುವ ಸಂಬಂಧಗಳು, ತಾನು ಯಾರೆಂಬುದರ ಬಗ್ಗೆಯೇ ಅಸ್ಥಿರತೆ, ತನಗೆ ತಾನೇ ಗಾಯ ಮಾಡಿಕೊಳ್ಳುವುದು, ಗಂಟೆಗೊಮ್ಮೆ ಮಗುಚುವ ಮನಸ್ಥಿತಿ, ಬಹುಕಾಲದ ಖಾಲಿತನ, ಹಿಡಿತ ತಪ್ಪುವ ಕೋಪ. ಆದರೆ ಏಳು ಎಂಬ ಎಣಿಕೆಗಿಂತ ನನಗೆ ಉಪಯೋಗವಾದದ್ದು ಐಸಿಡಿ-11ರ ದಾರಿ. 2022ರ ಜನವರಿಯಿಂದ ಜಾರಿಗೆ ಬಂದ ಈ ವರ್ಗೀಕರಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಪ್ರತ್ಯೇಕ ಪ್ರಕಾರಗಳನ್ನು ಬದಿಗಿಟ್ಟು, ತೊಂದರೆ ಸೌಮ್ಯವೇ, ಮಧ್ಯಮವೇ, ತೀವ್ರವೇ ಎಂದು ಮೊದಲು ಕೇಳುತ್ತದೆ. ಆಮೇಲೆ ಯಾವ ಗುಣಗಳು ಮುಂದಾಗಿವೆ ಎಂದು ನೋಡುತ್ತದೆ. ಬೇಕಿದ್ದರೆ ಬಾರ್ಡರ್‌ಲೈನ್ ವಿನ್ಯಾಸವೆಂದು ಸೇರಿಸಲು ಅವಕಾಶ ಕೊಡುತ್ತದೆ. “ಇದು ಇದೆಯೋ ಇಲ್ಲವೋ” ಎಂಬ ಪ್ರಶ್ನೆಯ ಜಾಗಕ್ಕೆ “ಎಷ್ಟಿದೆ, ಎಲ್ಲಿ ತಡೆಯುತ್ತಿದೆ” ಎಂಬ ಪ್ರಶ್ನೆ ಬರುತ್ತದೆ. ಆತನದು ಮಧ್ಯಮ ಮಟ್ಟ ಎಂದು ಬರೆದೆ.

ಈ ಹೆಸರನ್ನು ಆತನಿಗೆ ಹೇಳಬೇಕೋ ಬೇಡವೋ ಎಂಬುದು ಮೊದಲ ದೊಡ್ಡ ನಿರ್ಧಾರವಾಗಿತ್ತು. ಹೆಸರು ಕೇಳಿ ಕುಸಿದುಬಿಟ್ಟಾರು ಎಂಬ ಭಯದಿಂದ ಹೇಳದೇ ಇರುವ ವೈದ್ಯರಿದ್ದಾರೆ. ನಾನು ಯೋಚಿಸುತ್ತಿರುವಾಗಲೇ ಆತ ಹಳೆಯ ಕಡತದ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟ. ಮೂರು ವರ್ಷದ ಹಿಂದೆ ಯಾರೋ ಅಂಚಿನಲ್ಲಿ ಪೆನ್ಸಿಲ್‌ನಿಂದ “ಬಾರ್ಡರ್‌ಲೈನ್?” ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಆತ ಅದನ್ನು ಹುಡುಕಿ, ಅಂತರ್ಜಾಲದಲ್ಲಿ ಓದಿ, ಯಾರನ್ನೂ ಕೇಳದೆ ಮೂರು ವರ್ಷ ಒಳಗಿಟ್ಟುಕೊಂಡಿದ್ದ. “ಕಾಯಿಲೆ ಇದೆ ಅಂದರೆ ನನಗೊಂದು ಕಾಯಿಲೆ ಅಂತ ಅರ್ಥ. ವ್ಯಕ್ತಿತ್ವವೇ ದೋಷ ಅಂದರೆ ನಾನೇ ದೋಷ ಅಂತಲ್ಲವಾ ಮೇಡಂ?” ಎಂದು ಕೇಳಿದ.

ಆ ಪ್ರಶ್ನೆಗೆ ಒಂದು ಪೂರ್ತಿ ಭೇಟಿಯನ್ನು ಕೊಟ್ಟೆ. ಬಾರ್ಡರ್‌ಲೈನ್ ಎಂಬ ಮಾತು 1938ರಲ್ಲಿ ಅಡಾಲ್ಫ್ ಸ್ಟರ್ನ್ ಎಂಬ ಮನೋವಿಶ್ಲೇಷಕರ ಬರಹದಿಂದ ಚಾಲ್ತಿಗೆ ಬಂದದ್ದು. ಆಗಿನ ಎರಡು ದೊಡ್ಡ ವರ್ಗಗಳ ನಡುವಿನ ಗಡಿಯಲ್ಲಿ ನಿಂತ, ಯಾವ ಪೆಟ್ಟಿಗೆಗೂ ಸೇರದ ರೋಗಿಗಳನ್ನು ಅದು ಸೂಚಿಸುತ್ತಿತ್ತು. 1980ರ ಡಿಎಸ್‌ಎಂ-3ರಲ್ಲಿ ಅದು ಅಧಿಕೃತ ನಿರ್ಣಯವಾಯಿತು. ಗಡಿಯ ಎರಡೂ ಬದಿಯ ಕಲ್ಪನೆ ಬದಲಾದರೂ ಹೆಸರು ಉಳಿದುಬಿಟ್ಟಿದೆ. ಇದನ್ನೆಲ್ಲ ಸರಳವಾಗಿ ಹೇಳಿ, ಈ ಹೆಸರು ನಿಮ್ಮ ಒಳ್ಳೆಯತನದ ಬಗ್ಗೆ ಏನನ್ನೂ ಹೇಳುವುದಿಲ್ಲ, ನಿಮ್ಮ ಭಾವನೆಗಳು ಎಷ್ಟು ಬೇಗ ಏರುತ್ತವೆ, ಎಷ್ಟು ನಿಧಾನವಾಗಿ ಇಳಿಯುತ್ತವೆ, ಆ ಹೊತ್ತಿನಲ್ಲಿ ನೀವು ಏನು ಮಾಡಲು ಕಲಿತಿದ್ದೀರಿ ಎಂಬುದನ್ನು ಮಾತ್ರ ಹೇಳುತ್ತದೆ ಎಂದೆ. ಆತ ಬಹಳ ಹೊತ್ತು ಸುಮ್ಮನಿದ್ದು, “ಕಲಿತಿದ್ದು ಅಂದಿರಿ” ಎಂದ. ಹೌದು ಎಂದೆ. ಆ ಪದವನ್ನು ಆತ ಹಿಡಿದುಕೊಂಡ. ನಾನು ಮಾತ್ರ ಅದನ್ನು ಆಡಿ ಮರೆತೆ.

ಮೊದಲು ಮಾಡಿದ್ದು

ಮನೋವೈದ್ಯರೊಬ್ಬರು ಔಷಧಗಳನ್ನು ಮರುಪರಿಶೀಲಿಸಿ ಐದರಿಂದ ಒಂದಕ್ಕೆ ಇಳಿಸಿದರು. ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷಕ್ಕೆಂದೇ ಪರಿಣಾಮಕಾರಿಯೆಂದು ಸಾಬೀತಾದ ಔಷಧವಿಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆಯ 2009ರ ಮಾರ್ಗಸೂಚಿಯೂ ಈ ದೋಷಕ್ಕಾಗಿ ಅಥವಾ ಅದರ ಬಿಡಿ ಲಕ್ಷಣಗಳಿಗಾಗಿ ಔಷಧ ಬಳಸಬಾರದು ಎಂದೇ ಹೇಳುತ್ತದೆ. ಜೊತೆಗಿರುವ ಖಿನ್ನತೆಯಂಥ ತೊಂದರೆಗೆ ಮಾತ್ರೆ ಬೇಕಾಗಬಹುದು. ಮುಖ್ಯ ಚಿಕಿತ್ಸೆ ಮಾತಿನದೇ.

ವಾರಕ್ಕೊಂದು ಭೇಟಿ ಇಟ್ಟುಕೊಂಡೆ. ಕಷ್ಟದ ಹೊತ್ತಿನಲ್ಲಿ ಫೋನ್ ಮಾಡಿ ಎಂದು ಸಂಖ್ಯೆಯನ್ನೂ ಕೊಟ್ಟೆ. ಬಾಲ್ಯದಲ್ಲಿ ಯಾರೂ ಕೇಳಿಸಿಕೊಳ್ಳದ ಮನುಷ್ಯನಿಗೆ ನಾನಾದರೂ ಕೇಳಿಸಿಕೊಳ್ಳುವವಳಾಗಬೇಕು ಎಂಬುದು ನನ್ನ ಸರಳ ಯೋಚನೆಯಾಗಿತ್ತು. ಆತ ಫೋನ್ ಮಾಡಿದಾಗ ಎತ್ತಿದೆ. ಗಾಯ ಮಾಡಿಕೊಂಡೆ ಎಂದಾಗ ಮರುದಿನವೇ ಹೆಚ್ಚುವರಿ ಭೇಟಿ ಕೊಟ್ಟೆ. ಒಮ್ಮೆ ರಾತ್ರಿ ಒಂದೂವರೆ ಗಂಟೆ ಮಾತಾಡಿದೆ. ಸ್ಥಿತಿ ಹದಗೆಡುತ್ತಾ ಹೋಯಿತು. ಮೊದಲ 8 ವಾರಗಳಲ್ಲಿ ಎರಡು ಸಲ ಗಾಯ ಮಾಡಿಕೊಂಡಿದ್ದವನು ಮುಂದಿನ 12 ವಾರಗಳಲ್ಲಿ ಏಳು ಸಲ ಮಾಡಿಕೊಂಡ. ನಾನು ಇನ್ನಷ್ಟು ಲಭ್ಯಳಾಗಬೇಕೇನೋ ಎಂದುಕೊಂಡೆ.

ಕೈಮೀರುತ್ತಿದೆ ಅನ್ನಿಸಿ ಹಿರಿಯ ಸಹೋದ್ಯೋಗಿಯೊಬ್ಬರ ಬಳಿ ಪ್ರಕರಣವನ್ನು ಒಯ್ದೆ. ಅವರು ಸಿದ್ಧಾಂತದ ಮಾತಾಡಲಿಲ್ಲ. ನನ್ನ ಡೈರಿ ಕೇಳಿದರು. 20 ವಾರಗಳ ಪುಟಗಳನ್ನು ತಿರುವಿ, ನಿಗದಿಯಾಗದ ಫೋನ್ ಕರೆಗಳಿಗೆ ಕೆಂಪು ಗುರುತು, ಹೆಚ್ಚುವರಿ ಭೇಟಿಗಳಿಗೆ ನೀಲಿ ಗುರುತು ಹಾಕಲು ಹೇಳಿದರು. 34 ಕೆಂಪು, 9 ನೀಲಿ. ಆಮೇಲೆ ಒಂದೇ ಪ್ರಶ್ನೆ ಕೇಳಿದರು: “ಇದರಲ್ಲಿ ಆತ ಚೆನ್ನಾಗಿದ್ದ ದಿನದ್ದು ಎಷ್ಟು?”

ಒಂದೂ ಇರಲಿಲ್ಲ. ಪ್ರತಿಯೊಂದು ಗುರುತೂ ಯಾವುದೋ ಬಿಕ್ಕಟ್ಟಿಗೆ ಅಂಟಿಕೊಂಡಿತ್ತು. ಆತ ಶಾಂತವಾಗಿ ಬಂದು ಕೂತ ವಾರಗಳಲ್ಲಿ ನಾನು ಮನಸ್ಸಿನಲ್ಲೇ ನಿಟ್ಟುಸಿರು ಬಿಟ್ಟು ಭೇಟಿಯನ್ನು ಹತ್ತು ನಿಮಿಷ ಬೇಗ ಮುಗಿಸಿದ್ದೂ ಉಂಟು. ಆ ರಾತ್ರಿ ಕಿವಿನೋವಿನ ಪುಟ ತೆರೆದೆ. ಎರಡು ದಿನ ಮೆಲ್ಲಗೆ ಹೇಳಿದಾಗ ಸಿಗದದ್ದು ಮೂರನೆಯ ರಾತ್ರಿ ಗಾಜು ಒಡೆದಾಗ ಸಿಕ್ಕಿತ್ತು. ಇಪ್ಪತ್ತು ವರ್ಷಗಳ ನಂತರ ನಾನು ಅದೇ ಮನೆಯನ್ನು ಕಟ್ಟಿ, ಆತನನ್ನು ಒಳಗೆ ಕರೆದಿದ್ದೆ.

ಕಲಿಕೆ, ನಾಟಕವಲ್ಲ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಹಂತದಲ್ಲೇ ಅನೇಕ ಚಿಕಿತ್ಸಕರು ಮತ್ತು ಕುಟುಂಬಗಳು ತಪ್ಪು ತೀರ್ಮಾನಕ್ಕೆ ಜಾರುತ್ತಾರೆ. ಗಾಯ ಮಾಡಿಕೊಂಡಾಗ ಗಮನ ಸಿಗುತ್ತದೆ ಎಂದ ಕೂಡಲೇ “ಹಾಗಾದರೆ ಗಮನಕ್ಕಾಗಿಯೇ ಮಾಡುತ್ತಾನೆ, ಎಲ್ಲ ನಾಟಕ” ಎನ್ನುತ್ತಾರೆ. ಆತನ ಅಕ್ಕ ಈ ಮಾತನ್ನು ನನ್ನೆದುರೇ ಆಡಿದ್ದರು. ಆಸ್ಪತ್ರೆಯ ವಾರ್ಡಿನಲ್ಲೂ ಆತ ಇದನ್ನು ಕೇಳಿಸಿಕೊಂಡಿದ್ದ. ನಾಟಕದಲ್ಲಿ ನೋವು ಇರುವುದಿಲ್ಲ, ಇರುವಂತೆ ತೋರಿಸಲಾಗುತ್ತದೆ. ಏಳು ವರ್ಷದ ಹುಡುಗನ ಕಿವಿಯಲ್ಲಿ ಕೀವು ನಿಜವಾಗಿಯೂ ಇತ್ತು. ಚೆಂಬು ಎಸೆದದ್ದು ಲೆಕ್ಕಾಚಾರ ಹಾಕಿಯಲ್ಲ. ತಡೆಯಲಾಗದೆ ಎಸೆದ, ಅದು ಫಲ ಕೊಟ್ಟಿತು, ಮುಂದಿನ ಸಲ ತಡೆಯಲಾಗದ ಹೊತ್ತಿಗೆ ಆ ದಾರಿ ಮೊದಲಿಗಿಂತ ಹತ್ತಿರವಾಯಿತು. ಇದನ್ನು ಯಾರೂ ತಿಳಿದು ಕಲಿಯುವುದಿಲ್ಲ, ನಡೆಯುವುದನ್ನು ಕಲಿತಂತೆ ಕಲಿಯುತ್ತಾರೆ. ಇನ್ನೊಂದು ಮುಖವೂ ಇದೆ: ಗಾಯ ಮಾಡಿಕೊಂಡ ಕ್ಷಣದಲ್ಲಿ ಒಳಗಿನ ಒತ್ತಡ ಇಳಿಯುತ್ತದೆಂದು ಅನೇಕರು ಹೇಳುತ್ತಾರೆ, ಯಾರೂ ನೋಡದಿದ್ದರೂ ಆ ಇಳಿತವೇ ವರ್ತನೆಯನ್ನು ಉಳಿಸಿಕೊಳ್ಳುತ್ತದೆ. ಆತ ಗಾಯ ಮಾಡಿಕೊಂಡು ಯಾರಿಗೂ ಹೇಳದ ದಿನಗಳೂ ಇದ್ದವು. ನಾಟಕವೆಂಬ ಮಾತು ಆ ದಿನಗಳನ್ನು ವಿವರಿಸಲಾರದು.

ಅಮೆರಿಕದ ಮನೋವಿಜ್ಞಾನಿ ಮಾರ್ಷಾ ಲಿನೆಹನ್ 1993ರಲ್ಲಿ ವಿಸ್ತಾರವಾಗಿ ಮುಂದಿಟ್ಟ ಜೈವಿಕ-ಸಾಮಾಜಿಕ ಸಿದ್ಧಾಂತ ಹೇಳುವುದು ಬಹುಮಟ್ಟಿಗೆ ಇದನ್ನೇ. ಒಂದು ಕಡೆ ಭಾವನೆಗಳು ಬೇಗ ಹೊತ್ತಿಕೊಳ್ಳುವ, ಜೋರಾಗಿ ಉರಿಯುವ, ತಡವಾಗಿ ಆರುವ ಜೈವಿಕ ಸ್ವಭಾವ. ಇನ್ನೊಂದು ಕಡೆ ಆ ಭಾವನೆಗಳನ್ನು ಇಲ್ಲವೆನ್ನುವ, ಅಲ್ಲಗಳೆಯುವ ಪರಿಸರ. ಎರಡೂ ಒಂದನ್ನೊಂದು ಬೆಳೆಸುತ್ತವೆ: ಮಗು ಹೆಚ್ಚು ಅತ್ತಷ್ಟೂ ಮನೆ ಹೆಚ್ಚು ದಣಿಯುತ್ತದೆ, ಮನೆ ದಣಿದಷ್ಟೂ ಮಗುವಿನ ಮೆಲುದನಿ ಕೇಳಿಸುವುದಿಲ್ಲ, ಕೇಳಿಸದಷ್ಟೂ ಮಗು ದನಿ ಏರಿಸುತ್ತದೆ, ಏರಿಸಿದಾಗ ಮಾತ್ರ ಉತ್ತರ ಸಿಗುತ್ತದೆ. ಹೊಡೆತ, ಲೈಂಗಿಕ ದೌರ್ಜನ್ಯ, ತೊರೆದುಹೋಗುವುದು ಇಂಥ ಕಠಿಣ ಅನುಭವಗಳು ಈ ದೋಷವಿರುವವರ ಬಾಲ್ಯದಲ್ಲಿ ಸಾಮಾನ್ಯರಿಗಿಂತ ಹೆಚ್ಚಾಗಿ ಕಾಣುತ್ತವೆ ಎಂಬುದು ನಿಜ. ಆದರೆ ಅವು ಇದ್ದವರಿಗೆಲ್ಲ ದೋಷ ಬರುವುದಿಲ್ಲ, ದೋಷವಿರುವವರೆಲ್ಲರ ಬಾಲ್ಯದಲ್ಲೂ ಅವು ಇರುವುದಿಲ್ಲ. ಈ ಪ್ರಕರಣದಲ್ಲಿ ಅಪರಾಧಿಯನ್ನು ಹುಡುಕಲು ಹೊರಟಿದ್ದರೆ ದುಃಖದಲ್ಲಿ ಮುಳುಗಿದ್ದ ಒಬ್ಬ ತಾಯಿ ಸಿಗುತ್ತಿದ್ದರು, ಅಷ್ಟೇ.

ಬದಲಿಸಿದ್ದು

ಡೈರಿಯನ್ನು ಆತನೆದುರೇ ತೆರೆದಿಡಬೇಕೆಂದು ತೀರ್ಮಾನಿಸಿದೆ. ಕೆಂಪು, ನೀಲಿ ಗುರುತುಗಳನ್ನು ತೋರಿಸಿ, “ನೀವು ಚೆನ್ನಾಗಿದ್ದ ದಿನಗಳಲ್ಲಿ ನಾನು ನಿಮ್ಮ ಜೊತೆ ಇರಲಿಲ್ಲ. ಇದು ನನ್ನ ತಪ್ಪು. ಕಿವಿನೋವಿನ ರಾತ್ರಿ ಆದದ್ದೇ ಇಲ್ಲಿಯೂ ಆಗುತ್ತಿದೆ ಅನ್ನಿಸುತ್ತಿದೆ” ಎಂದೆ. ಆತ ಡೈರಿಯನ್ನು ತನ್ನತ್ತ ತಿರುಗಿಸಿಕೊಂಡು, ಪುಟಪುಟವನ್ನೂ ನೋಡಿದ. ಪುಟವಿನ್ಯಾಸ ಮಾಡುವ ಕಣ್ಣು. ಖಾಲಿ ಬಿಟ್ಟ ಮೂರು ವಾರಗಳ ಮೇಲೆ ಬೆರಳಿಟ್ಟು, “ಈ ಮೂರು ವಾರ ನಾನು ಹೊಸ ಪುಸ್ತಕವೊಂದರ ಕೆಲಸ ಮುಗಿಸಿದ್ದೆ. ಹೇಳಬೇಕು ಅಂದುಕೊಂಡಿದ್ದೆ. ನೀವು ಕೇಳಲಿಲ್ಲ” ಎಂದ.

ಹೊಸ ಒಪ್ಪಂದ ಹೀಗಿತ್ತು. ವಾರದ ಭೇಟಿಯ ಜೊತೆಗೆ ಮಂಗಳವಾರ ಮತ್ತು ಶುಕ್ರವಾರ ಸಂಜೆ ಹತ್ತು ನಿಮಿಷದ ಫೋನ್ ಕರೆ. ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಏನೂ ಇಲ್ಲದಿರಲಿ, ಕರೆ ತಪ್ಪುವುದಿಲ್ಲ. ಗಾಯ ಮಾಡಿಕೊಳ್ಳುವ ತುಡಿತ ಬಂದಾಗ, ಮಾಡಿಕೊಳ್ಳುವ ಮೊದಲು, ಯಾವಾಗ ಬೇಕಾದರೂ ಫೋನ್ ಮಾಡಬಹುದು. ಮಾಡಿಕೊಂಡ ಮೇಲೆ 24 ಗಂಟೆ ನನ್ನೊಡನೆ ಹೆಚ್ಚುವರಿ ಮಾತುಕತೆ ಇಲ್ಲ. ಜೀವಕ್ಕೆ ಅಪಾಯವಿದ್ದರೆ ತುರ್ತು ಚಿಕಿತ್ಸೆ ಮತ್ತು ಮನೋವೈದ್ಯರ ವ್ಯವಸ್ಥೆ ಯಾವಾಗಲೂ ತೆರೆದಿರುತ್ತದೆ. ಈ 24 ಗಂಟೆಯ ನಿಯಮ ಲಿನೆಹನ್ ರೂಪಿಸಿದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯದು, ಅಂದರೆ ಭಾವನೆಗಳನ್ನು ಒಪ್ಪಿಕೊಳ್ಳುತ್ತಲೇ ವರ್ತನೆಯನ್ನು ಬದಲಿಸಲು ಕಲಿಸುವ ಚಿಕಿತ್ಸೆಯದು. ಹೊರಗಿನಿಂದ ನೋಡಿದರೆ ಕಠೋರವೆನಿಸುತ್ತದೆ. ಅದೊಂದನ್ನೇ ಎತ್ತಿಕೊಂಡು, ಶಾಂತ ದಿನಗಳ ಸಂಪರ್ಕವನ್ನು ಕೊಡದೆ ಹೋದರೆ, ಅದು ನಿಜಕ್ಕೂ ಕಠೋರವೇ. ಗಾಜು ಒಡೆದರೂ ಉತ್ತರವಿಲ್ಲ, ಮೆಲ್ಲಗೆ ಹೇಳಿದರೂ ಉತ್ತರವಿಲ್ಲ ಎಂಬ ಮನೆ ಮೊದಲಿನದಕ್ಕಿಂತ ಕೆಟ್ಟದ್ದು.

ಮೊದಲ ಎರಡು ವಾರ ಶಾಂತವಾಗಿ ಕಳೆದವು. ಮೂರನೆಯ ವಾರದಿಂದ ಏಳನೆಯ ವಾರದವರೆಗೆ ಎಲ್ಲ ತಲೆಕೆಳಗಾಯಿತು. ನಾನು ಕೈಬಿಟ್ಟೆನೆಂದು ಆತ ನಂಬಿದ. ಬೈದು ಬರೆದ ಸಂದೇಶಗಳು ಬಂದವು, ಎರಡು ಭೇಟಿಗಳಿಗೆ ಬರಲಿಲ್ಲ, ಒಂದು ರಾತ್ರಿ ಆಸ್ಪತ್ರೆಯಲ್ಲಿ ಇರಬೇಕಾಯಿತು. ಫಲ ಕೊಡುತ್ತಿದ್ದ ವರ್ತನೆಗೆ ಫಲ ನಿಂತಾಗ ಅದು ಕಡಿಮೆಯಾಗುವ ಮೊದಲು ಕೆಲಕಾಲ ಏರುತ್ತದೆ. ಲಿಫ್ಟ್ ಬಾರದಿದ್ದಾಗ ಗುಂಡಿಯನ್ನು ಇನ್ನೂ ಜೋರಾಗಿ, ಮತ್ತೆ ಮತ್ತೆ ಒತ್ತುವಂತೆ. ತಿಳಿದಿತ್ತು. ಆದರೂ ಆಸ್ಪತ್ರೆಯ ಆ ರಾತ್ರಿ ನಿಯಮವನ್ನು ಮುರಿದುಬಿಡೋಣವೆಂದು ಫೋನ್ ಕೈಗೆತ್ತಿಕೊಂಡು ಎರಡು ಸಲ ಕೆಳಗಿಟ್ಟೆ. ಆತ ಸುರಕ್ಷಿತವಾಗಿದ್ದಾನೆಂದು ಮನೋವೈದ್ಯರಿಂದ ತಿಳಿದುಕೊಂಡೆ. ಆತನಿಗೆ ಫೋನ್ ಮಾಡಲಿಲ್ಲ. ಮರುದಿನ ಶುಕ್ರವಾರ. ನಿಗದಿಯಾದ ಹೊತ್ತಿಗೆ, ಒಂದು ನಿಮಿಷವೂ ತಡವಾಗದಂತೆ ಫೋನ್ ಮಾಡಿದೆ. ಅಷ್ಟರಲ್ಲಿ 24 ಗಂಟೆ ಕಳೆದಿತ್ತು. ಎತ್ತಿದವನು, “ನೀವು ಮಾಡುವುದಿಲ್ಲ ಅಂದುಕೊಂಡಿದ್ದೆ” ಎಂದ. ಈ ಹಂತದಲ್ಲಿ ನಾನು ಒಬ್ಬಂಟಿಯಾಗಿ ಇದ್ದಿದ್ದರೆ ಖಂಡಿತ ಕದಲುತ್ತಿದ್ದೆ. ಮನೋವೈದ್ಯರೂ ಹಿರಿಯ ಸಹೋದ್ಯೋಗಿಯೂ ಪ್ರತಿ ವಾರ ಜೊತೆಗೆ ಕೂತು ಅಪಾಯವನ್ನು ಅಳೆಯುತ್ತಿದ್ದರಿಂದಲೇ ಇದು ಸಾಧ್ಯವಾಯಿತು; ಆ ಆಸರೆಯಿಲ್ಲದೆ ಈ ನಿಯಮವನ್ನು ಯಾರೂ ಅನುಕರಿಸಬಾರದು.

ಎಂಟನೆಯ ವಾರದಿಂದ ಸರಪಳಿ ವಿಶ್ಲೇಷಣೆ ಕೈಹಿಡಿಯಿತು. ಒಂದು ಘಟನೆಯನ್ನು ಎತ್ತಿಕೊಂಡು, ಅದರ ಹಿಂದಿನ ಗಂಟೆಗಳನ್ನು ಕೊಂಡಿ ಕೊಂಡಿಯಾಗಿ ಬರೆಯುವ ಕ್ರಮವಿದು. ಒಂದು ಭಾನುವಾರದ ಹಾಳೆ ನನ್ನ ಬಳಿ ಇದೆ. ಸಂಜೆ 4.10ಕ್ಕೆ ಗೆಳತಿಗೆ ಸಂದೇಶ. 4.25ಕ್ಕೆ ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. 4.30ಕ್ಕೆ ಗಂಟಲು ಬಿಗಿಯಿತು. 4.40ಕ್ಕೆ “ಅವಳಿಗೆ ನಾನು ಸಾಕಾಗಿದ್ದೇನೆ.” 4.55ಕ್ಕೆ ಬೈಗುಳದ ಸಂದೇಶ. ಆಮೇಲೆ ಗಾಯ. 4.30 ಮತ್ತು 4.40ರ ನಡುವೆ ಏನಾಯಿತೆಂದು ಕೇಳಿದೆ. ಆತ ಪೆನ್ನನ್ನು ಹಾಳೆಯ ಮೇಲಿಟ್ಟು ಬಹಳ ಹೊತ್ತು ಯೋಚಿಸಿ, ಎರಡು ಸಾಲುಗಳ ನಡುವಿನ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದ: “ಬಿಡುವಾಗಿದ್ದೀಯಾ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.” ಯಾಕೆ ಕೇಳಲಿಲ್ಲ ಎಂದರೆ, ಕೇಳಿ ಪ್ರಯೋಜನವಿದೆ ಎಂಬುದೇ ಹೊಳೆಯಲಿಲ್ಲ ಎಂದ. ಮೂರನೆಯ ರಾತ್ರಿಗೆ ನೇರವಾಗಿ ಜಿಗಿಯುವುದು ಅಭ್ಯಾಸವಾಗಿತ್ತು. ಮೊದಲ ಎರಡು ದಿನಗಳು ಆತನ ಬದುಕಿನಿಂದಲೇ ಬಿದ್ದುಹೋಗಿದ್ದವು. ಅಲ್ಲಿಂದ ಮುಂದೆ ಚಿಕಿತ್ಸೆಯ ಬಹುಪಾಲು ಆ ಹತ್ತು ನಿಮಿಷಗಳ ಮೇಲೆಯೇ ನಡೆಯಿತು. ತುಡಿತವನ್ನು ತಾಳಿಕೊಳ್ಳುವ ಕೌಶಲ, ಭಾವನೆಗೆ ಹೆಸರಿಡುವುದು, ಬೇಕಾದ್ದನ್ನು ಕೇಳುವುದು ಎಲ್ಲವೂ ಅಲ್ಲಿಗೇ ಬಂದು ಸೇರುತ್ತಿದ್ದವು. ಅದೇ ಹತ್ತು ನಿಮಿಷಗಳಲ್ಲಿ ಪೀಟರ್ ಫೊನಾಗಿ ಮತ್ತು ಆಂಥೊನಿ ಬೇಟ್‌ಮನ್ ಅವರ ಮೆಂಟಲೈಸೇಷನ್ ವಿಧಾನದಿಂದಲೂ (ತನ್ನ ಮತ್ತು ಇನ್ನೊಬ್ಬರ ಮನಸ್ಸನ್ನು ಅರಿಯಲು ಕಲಿಸುವ ಚಿಕಿತ್ಸೆ) ಒಂದಿಷ್ಟು ಪಡೆದೆ: ಎದುರಿನವರ ಮನಸ್ಸಿನಲ್ಲಿ ಏನಿರಬಹುದೆಂದು ಒಂದಲ್ಲ, ಮೂರು ಊಹೆ ಬರೆಯಿರಿ ಎನ್ನುತ್ತಿದ್ದೆ. ಮೊದಲ ಊಹೆ ಯಾವಾಗಲೂ ಕೈಬಿಡುವುದರ ಬಗ್ಗೆಯೇ ಇರುತ್ತಿತ್ತು. ಮೂರನೆಯದು ಬರೆಯುವ ಹೊತ್ತಿಗೆ ಗಂಟಲು ಸಡಿಲವಾಗುತ್ತಿತ್ತು.

ಹನ್ನೊಂದನೆಯ ತಿಂಗಳಲ್ಲಿ ಒಂದು ದಿನ ನಾನು 12 ನಿಮಿಷ ತಡವಾಗಿ ಬಂದೆ. ಹಿಂದೆ ಇಂಥದ್ದೇ ಒಂದು ದಿನ ಆತ ಬಾಗಿಲು ಬಡಿದು ಹೊರಟುಹೋಗಿದ್ದ. ಈ ಸಲ ಕುರ್ಚಿಯ ಅಂಚಿನಲ್ಲಿ ಕೂತಿದ್ದ, ಕೈಗಳು ಒಂದನ್ನೊಂದು ಹಿಡಿದಿದ್ದವು. ನಾನು ಕೂತ ಮೇಲೆ, ನೆಲ ನೋಡುತ್ತಾ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, “ನೀವು ತಡ ಮಾಡಿದ್ದು ನನಗೆ ನೋವಾಯಿತು” ಎಂದ. ಆ ದಿನಕ್ಕೆಂದು ಬೇರೆ ಯೋಜನೆಯಿತ್ತು. ಅದನ್ನು ಪಕ್ಕಕ್ಕಿಟ್ಟೆ. ತಡವಾದದ್ದಕ್ಕೆ ಕ್ಷಮೆ ಕೇಳಿದೆ, ಆ 12 ನಿಮಿಷಗಳಲ್ಲಿ ಏನೇನು ಅನ್ನಿಸಿತೆಂದು ಕೇಳಿದೆ, ಪೂರ್ತಿ ಭೇಟಿಯನ್ನು ಅದಕ್ಕೇ ಕೊಟ್ಟೆ, ಕಳೆದ ನಿಮಿಷಗಳನ್ನು ಕೊನೆಗೆ ಸೇರಿಸಿದೆ. ಮೆಲುದನಿಗೆ ಅಂದು ಸಿಕ್ಕ ಉತ್ತರ ಗಾಜು ಒಡೆದಾಗ ಸಿಕ್ಕಿದ್ದಕ್ಕಿಂತ ಕಡಿಮೆಯಾಗಬಾರದಿತ್ತು.

ಫಲಿತಾಂಶ, ಮತ್ತು ಉಳಿದದ್ದು

ಎರಡನೆಯ ವರ್ಷದಲ್ಲಿ ಆತ ಎರಡೇ ಸಲ ಗಾಯ ಮಾಡಿಕೊಂಡ. ಕಳೆದ ಎಂಟು ತಿಂಗಳಲ್ಲಿ ಒಮ್ಮೆಯೂ ಇಲ್ಲ. ಈಗ ಮಾನದಂಡಗಳ ಲೆಕ್ಕ ಹಾಕಿದರೆ ಮೂರು ಉಳಿಯುತ್ತವೆ, ಅಂದರೆ ನಿರ್ಣಯದ ಗೆರೆಯ ಕೆಳಗೆ. ಇದು ಪವಾಡವೇನಲ್ಲ. ಮೇರಿ ಝನಾರಿನಿ ಮತ್ತು ಸಂಗಡಿಗರು ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿ ಒಳರೋಗಿಗಳಾಗಿದ್ದ 290 ಮಂದಿಯನ್ನು ಹತ್ತು ವರ್ಷ ಹಿಂಬಾಲಿಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇ. 93ರಷ್ಟು ಮಂದಿ ಕನಿಷ್ಠ ಎರಡು ವರ್ಷ ಲಕ್ಷಣಗಳಿಂದ ಬಿಡುಗಡೆ ಪಡೆದಿದ್ದರು. ಹುಟ್ಟುಗುಣದ ಗಾದೆಯನ್ನು ಆಡಿದ್ದ ತಾಯಿಗೆ ಈ ಅಂಕಿಯನ್ನು ಹೇಳಿದಾಗ ಅವರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಆದರೆ ಅದೇ ವರದಿಯಲ್ಲಿ ಲಕ್ಷಣಗಳು ಹೋಗಿ, ಉದ್ಯೋಗ ಮತ್ತು ಸಂಬಂಧಗಳೂ ನೆಲೆಗೊಂಡವರು ಅರ್ಧದಷ್ಟು ಮಾತ್ರ. ನನ್ನ ರೋಗಿಯಲ್ಲೂ ಅದೇ ಕಾಣುತ್ತದೆ. ಬಿರುಗಾಳಿ ನಿಂತಿದೆ, ಖಾಲಿತನ ಇನ್ನೂ ಇದೆ. ಒಂದೂವರೆ ವರ್ಷದಿಂದ ಒಂದೇ ಕಡೆ ಕೆಲಸದಲ್ಲಿದ್ದಾನೆ, ಅದು ಆತನ ಮಟ್ಟಿಗೆ ದಾಖಲೆ. ಗೆಳತಿಯ ಸಂಬಂಧ ಮಾತ್ರ ಮುರಿಯಿತು, ಈ ಸಲ ಗಾಜು ಒಡೆಯದೆ.

ಇಂಥ ಪ್ರಕರಣ ಕೈಗೆತ್ತಿಕೊಳ್ಳುವವರಿಗೆ ನಾನು ಹೇಳುವುದು ಡೈರಿಯ ವಿಷಯ. ಬಾಲ್ಯದ ಇತಿಹಾಸವನ್ನು ಎಲ್ಲರೂ ಬರೆದುಕೊಳ್ಳುತ್ತೇವೆ. ಅದನ್ನು ಕಡತದಲ್ಲಿಟ್ಟು, ಕಾರಣ ತಿಳಿಯಿತೆಂದು ಮುಂದಕ್ಕೆ ಹೋಗುತ್ತೇವೆ. ಆ ಇತಿಹಾಸ ಈಗಲೂ ನಡೆಯುತ್ತಿದೆಯೇ, ನಡೆಸುತ್ತಿರುವವರಲ್ಲಿ ನಾವೂ ಇದ್ದೇವೆಯೇ ಎಂಬುದನ್ನು ನಮ್ಮ ಸ್ವಂತ ವೇಳಾಪಟ್ಟಿಯಲ್ಲಿ ಹುಡುಕಬೇಕು. ನಾನು ಈಗ ಪ್ರತಿ ತಿಂಗಳ ಕೊನೆಗೆ ಎಲ್ಲ ರೋಗಿಗಳ ಪುಟಗಳಿಗೂ ಕೆಂಪು, ನೀಲಿ ಗುರುತು ಹಾಕುತ್ತೇನೆ. ಹೋದ ತಿಂಗಳು ಬೇರೊಬ್ಬರ ಪುಟದಲ್ಲಿ ಅದೇ ಚಿತ್ರ ಮೂಡತೊಡಗಿದ್ದು ಮೂರನೆಯ ವಾರದಲ್ಲೇ ಕಂಡಿತು.

ಇನ್ನು ಉಳಿದಿರುವ ಕಷ್ಟದ ನಿರ್ಧಾರ ಚಿಕಿತ್ಸೆ ಮುಗಿಸುವುದು. ಕೈಬಿಡುವ ಭಯವೇ ತಿರುಳಾಗಿರುವ ದೋಷದಲ್ಲಿ ಚಿಕಿತ್ಸೆಯ ಅಂತ್ಯವೇ ಒಂದು ಪರೀಕ್ಷೆ. ಆರು ತಿಂಗಳ ಮೊದಲೇ ದಿನಾಂಕ ಗೊತ್ತುಮಾಡಿದ್ದೇವೆ. ಶುಕ್ರವಾರದ ಕರೆಯನ್ನು ನಿಲ್ಲಿಸಿ ಎರಡು ತಿಂಗಳಾಯಿತು. ಮಂಗಳವಾರದ್ದನ್ನು ಯಾವಾಗ ನಿಲ್ಲಿಸಬೇಕೆಂದು ಆತನೇ ಹೇಳಲಿ ಎಂದಿದ್ದೇನೆ. ಈ ಮಂಗಳವಾರ ಮಾತು ನಾಲ್ಕು ನಿಮಿಷಕ್ಕೇ ಮುಗಿಯಿತು. ಹೊಸ ಪುಸ್ತಕವೊಂದರ ಅಚ್ಚಿಗೆ ಮುನ್ನಿನ ಕರಡು ಬಂದಿದೆ, ಅಂಚು ಸರಿಯಾಗಿ ಕೂತಿಲ್ಲ, ನಾಳೆ ಮೇಲಧಿಕಾರಿಗೆ ಹೇಳಬೇಕು ಎಂದ. ಹೇಗೆ ಹೇಳುತ್ತೀರಿ ಎಂದು ಕೇಳಿದೆ. ಹೇಳಿ ತೋರಿಸಿದ.